ಆರೋಪ ಬೇರೆ, ಅಪರಾಧ ಬೇರೆ

ಪತ್ರಿಕೆ ಬಿಡಿಸಿದರೆ ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಸಾಲೊಂದಿದೆ: ಇಂಥವರ ವಿರುದ್ಧ ಪೊಲೀಸರಿಂದ ಚಾರ್ಜ್‌ಶೀಟ್ ಸಲ್ಲಿಕೆ. ಕೋರ್ಟಿನ ತೀರ್ಪು ಬರಲು ಇನ್ನೂ ವರ್ಷಗಳೇ ಹಿಡಿಯಬಹುದು. ಆದರೆ ಲೋಕಲ್ ಗಾಡಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ ತೀರ್ಪು ಅಂದೇ ಹೊರಬಿದ್ದಿರುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಒಬ್ಬರು, ಸುಮ್ಮನೆ ಯಾರಾದರೂ ಚಾರ್ಜ್‌ಶೀಟ್ ಹಾಕುತ್ತಾರೆಯೇ ಎಂದು ಇನ್ನೊಬ್ಬರು. ಊರಿನಲ್ಲಾದರೆ ಮನೆತನವನ್ನು ಅಜ್ಜನ ಕಾಲದಿಂದ ಬಲ್ಲ ನಾಲ್ಕು ಜನ ಇರುತ್ತಾರೆ. ಅವರು ಅಡ್ಡ ಬಂದು ಒಂದು ಒಳ್ಳೆಯ ಮಾತು ಹೇಳುತ್ತಾರೆ. ಪರಊರಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥ ಸಂಸಾರಗಳಿಗೆ ಆ ಆಸರೆ ಕಡಿಮೆ. ಇಲ್ಲಿ ಹೆಸರೇ ಆಸ್ತಿ. ಆದ್ದರಿಂದ ಒಬ್ಬ ಮನುಷ್ಯನ ಮೇಲೆ ಕಾನೂನು ಪ್ರಕಾರ ಆರೋಪ ಹೊರಿಸುವುದು ಎಂದರೇನು, ಆ ಮಾತು ಎಲ್ಲಿಂದ ಬಂತು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ತಿಳಿದುಕೊಳ್ಳುವುದು ವಕೀಲರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಮಾತಿನ ಮೂಲ

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ಚಾರ್ಜ್ ಎಂದರೆ ಮೊದಲು ನೆನಪಾಗುವುದು ವಿದ್ಯುತ್ತಿನ ಧನ, ಋಣ ಅಂಶಗಳು. ಗುಮಾಸ್ತಗಿರಿಗೆ ಸೇರಿದ ಮೇಲೆ ಚಾರ್ಜ್ ಎಂದರೆ ವರ್ಗವಾದಾಗ ಒಬ್ಬರು ಒಪ್ಪಿಸಿ ಇನ್ನೊಬ್ಬರು ವಹಿಸಿಕೊಳ್ಳುವ ಹೊಣೆ. ಹೋಟೆಲಿನವರಿಗೆ ಅದು ಬಿಲ್ಲಿನ ಹಣ, ಪೊಲೀಸರಿಗೆ ಲಾಠಿಯ ಏಟು, ಕೋರ್ಟಿನಲ್ಲಿ ಆರೋಪ. ಇಷ್ಟೆಲ್ಲ ಅರ್ಥಗಳಿಗೂ ಬೇರು ಒಂದೇ. ಲ್ಯಾಟಿನ್ ಭಾಷೆಯಲ್ಲಿ ಗಾಡಿಗೆ 'ಕಾರ್ರುಸ್' ಎನ್ನುತ್ತಿದ್ದರು. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಗಾಡಿಯ ಮೇಲೆ ಸಾಮಾನು ಹೇರು ಎಂದು ಅರ್ಥ. ಅದೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಎಂದರೆ ಚಾರ್ಜ್ ಮೂಲದಲ್ಲಿ ಒಂದು ಹೊರೆ.

ಸೋಜಿಗವೆಂದರೆ, ಇಂಗ್ಲಿಷಿನ ಹಂಗಿಲ್ಲದೆಯೇ ನಮ್ಮ ಕನ್ನಡವೂ ಇದೇ ದಾರಿ ಹಿಡಿದಿದೆ. ನಾವು ಆರೋಪವನ್ನು 'ಹೊರಿಸುತ್ತೇವೆ'. ತಪ್ಪನ್ನೂ ಹೊರಿಸುತ್ತೇವೆ. ನಿರಪರಾಧಿಯ ಮೇಲೆ ಸುಳ್ಳು ಹೇಳಿದರೆ ಅವನ ತಲೆಯ ಮೇಲೆ ಗೂಬೆ ಕೂರಿಸಿದರು ಎನ್ನುತ್ತೇವೆ. ಸಂಸ್ಕೃತದ 'ಆರೋಪ' ಎಂಬ ಮಾತಿಗೂ ಮೇಲೆ ಇಡುವುದು, ಏರಿಸುವುದು ಎಂದೇ ಅರ್ಥ. ವೇದಾಂತದ ಪಾಠ ಕೇಳಿದವರಿಗೆ ಗೊತ್ತು: ಮಬ್ಬು ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವುದನ್ನು ಹಗ್ಗದ ಮೇಲೆ ಹಾವಿನ ಆರೋಪ ಎನ್ನುತ್ತಾರೆ. ದೀಪ ತಂದು ನೋಡಿದ ಮೇಲೆ ಅದು ಹಾವೇ ಆಗಿರಬಹುದು, ಬರಿಯ ಹಗ್ಗವೂ ಆಗಿರಬಹುದು. ಹೊರಗಿನಿಂದ ತಂದು ಇಟ್ಟದ್ದು ಒಳಗಿನ ಗುಣವೆಂದು ಇನ್ನೂ ಸಿದ್ಧವಾಗಿಲ್ಲ ಎಂಬ ಎಚ್ಚರ ಆ ಪದದಲ್ಲೇ ಇದೆ.

ಹೊರನಾಡಿನಲ್ಲಿರುವ ನಮಗೆ ಅಕ್ಕಪಕ್ಕದ ಭಾಷೆಗಳ ಪದಗಳೂ ಕಿವಿಗೆ ಬೀಳುತ್ತವೆ. ಮುಂಬಯಿ, ಪುಣೆಯ ಮರಾಠಿ ಪತ್ರಿಕೆಗಳು ಆರೋಪಪತ್ರ, ದೋಷಾರೋಪಪತ್ರ ಎನ್ನುತ್ತವೆ. ದೆಹಲಿಯ ಹಿಂದಿಯಲ್ಲಿ ಆರೋಪಪತ್ರ. ಹೈದರಾಬಾದಿನ ತೆಲುಗಿನಲ್ಲಿ ಅಭಿಯೋಗಪತ್ರಂ. ಚೆನ್ನೈಯ ತಮಿಳಿನಲ್ಲಿ ಕುಟ್ರಪ್ಪತ್ತಿರಿಕೈ. ಅಲ್ಲಿ ಆರೋಪಿಯನ್ನು ಕರೆಯುವಾಗಲೂ ತಪ್ಪು ಸಾಟಿಸಲ್ಪಟ್ಟವನು, ಅಂದರೆ ತಪ್ಪು ಹೊರಿಸಲ್ಪಟ್ಟವನು ಎಂದೇ ಹೇಳುತ್ತಾರೆ. ಕನ್ನಡದಲ್ಲಿ ನಮಗೆ ಆರೋಪಪಟ್ಟಿ, ದೋಷಾರೋಪಣಾ ಪಟ್ಟಿ ಎರಡೂ ಇವೆ. ಹೆಸರು ಯಾವುದೇ ಇರಲಿ, ಹೊರೆ ಎಂಬ ಭಾವ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಉಳಿದಿದೆ.

ಕಲ್ಯಾಣದ ವಿಜ್ಞಾನೇಶ್ವರ

ತೆಲುಗರು ಉಳಿಸಿಕೊಂಡಿರುವ ಅಭಿಯೋಗ ಎಂಬ ಮಾತು ನಮ್ಮ ಧರ್ಮಶಾಸ್ತ್ರಗಳದು. ದೂರುವವನು ಅಭಿಯೋಕ್ತ, ದೂರಿಗೆ ಒಳಗಾದವನು ಅಭಿಯುಕ್ತ. ಕರ್ನಾಟಕದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರರನ್ನು ಸರ್ಕಾರಿ ಅಭಿಯೋಜಕರು ಎಂದು ಕರೆಯುವುದೂ ಇದೇ ಬೇರಿನಿಂದ. ಇದಕ್ಕೂ ಕನ್ನಡ ನಾಡಿಗೂ ಒಂದು ಹತ್ತಿರದ ನಂಟಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅದೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ವಿಕ್ರಮಾದಿತ್ಯನ ಆಳಿಕೆ 1076ರಿಂದ 1126ರವರೆಗೆ. ಮುಂದೆ ಬ್ರಿಟಿಷರ ಕೋರ್ಟುಗಳು ಹಿಂದೂಗಳ ದಾಯಭಾಗದ ವಿಷಯದಲ್ಲಿ ಬಂಗಾಳ ಹೊರತು ದೇಶದ ಬಹುಭಾಗಕ್ಕೆ ಈ ಗ್ರಂಥವನ್ನೇ ಪ್ರಮಾಣವೆಂದು ಹಿಡಿದವು.

ಆ ಶಾಸ್ತ್ರದಲ್ಲಿ ವ್ಯವಹಾರಕ್ಕೆ, ಎಂದರೆ ವ್ಯಾಜ್ಯದ ವಿಚಾರಣೆಗೆ, ನಾಲ್ಕು ಪಾದಗಳು. ಮೊದಲನೆಯದು ವಾದಿಯ ದೂರು, ಎರಡನೆಯದು ಪ್ರತಿವಾದಿಯ ಉತ್ತರ, ಮೂರನೆಯದು ಸಾಕ್ಷ್ಯ, ನಾಲ್ಕನೆಯದು ನಿರ್ಣಯ. ದೂರನ್ನು ಹೇಗೆ ಬರೆಯಬೇಕು ಎಂಬುದಕ್ಕೂ ಅಲ್ಲಿ ಕಟ್ಟಳೆಯಿದೆ. ಅದನ್ನು ಪ್ರತಿವಾದಿಯ ಎದುರಿಗೇ ಬರೆಯಬೇಕು. ವರ್ಷ, ಮಾಸ, ಪಕ್ಷ, ದಿನ, ಹೆಸರು ಮೊದಲಾದ ಗುರುತುಗಳು ಅದರಲ್ಲಿರಬೇಕು. ತನ್ನ ಮೇಲಿನ ಅಭಿಯೋಗವನ್ನು ತೀರಿಸಿಕೊಳ್ಳದೆ ಎದುರಾಳಿಯ ಮೇಲೆ ಮರು ಅಭಿಯೋಗ ಹೂಡಬಾರದೆಂಬ ನಿಯಮವೂ ಉಂಟು. ಅಂದಿನ ವ್ಯವಸ್ಥೆಯಲ್ಲಿ ಜಾತಿಗೊಂದು ದಂಡನೆ ಇತ್ತು, ದಿವ್ಯಪರೀಕ್ಷೆಗಳಿದ್ದವು. ಅವನ್ನು ಇಂದು ಯಾರೂ ಬಯಸರು. ಆದರೆ ಬೆನ್ನ ಹಿಂದೆ ದೂರಬೇಡ, ಎದುರಿಗೆ ಬರೆ, ಯಾವ ದಿನ ಏನಾಯಿತು ಎಂದು ಬಿಡಿಸಿ ಹೇಳು, ಆಮೇಲೆ ಅವನ ಉತ್ತರ ಕೇಳು ಎಂಬ ತಿರುಳು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಕುಳಿತು ಬರೆದ ಗ್ರಂಥದಲ್ಲಿ ಇದೆ ಎಂಬುದು ಸಣ್ಣ ಸಂಗತಿಯಲ್ಲ.

ಲ್ಯಾಟಿನ್ನಿನಲ್ಲಿ ಬರೆದ ಆರೋಪ

ಇಂದಿನ ನಮ್ಮ ಕೋರ್ಟುಗಳ ಪದ್ಧತಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1166ರಲ್ಲಿ ಎರಡನೆಯ ಹೆನ್ರಿ ದೊರೆ ಒಂದು ಕಟ್ಟಳೆ ಮಾಡಿದ. ಪ್ರತಿಯೊಂದು ಸೀಮೆಯಿಂದ ಹನ್ನೆರಡು ಜನ, ಪ್ರತಿ ಹಳ್ಳಿಯಿಂದ ನಾಲ್ಕು ಜನ ಪ್ರಮಾಣ ಮಾಡಿ, ತಮ್ಮಲ್ಲಿ ಕಳ್ಳರೆಂದೂ ಕೊಲೆಗಡುಕರೆಂದೂ ಶಂಕೆಗೆ ಒಳಗಾದವರು ಯಾರೆಂದು ದೊರೆಯ ನ್ಯಾಯಾಧೀಶರಿಗೆ ತಿಳಿಸಬೇಕು. ಇದೇ ಬೆಳೆದು ಗ್ರ್ಯಾಂಡ್ ಜ್ಯೂರಿ ಎಂಬ ಸಂಸ್ಥೆಯಾಯಿತು. ಅದರ ಕೆಲಸ ಅಪರಾಧ ತೀರ್ಮಾನಿಸುವುದಲ್ಲ. ಈ ಮನುಷ್ಯನನ್ನು ವಿಚಾರಣೆಗೆ ನಿಲ್ಲಿಸುವಷ್ಟು ಆಧಾರ ಇದೆಯೇ ಎಂದು ಮಾತ್ರ ನೋಡುವುದು. ಹೀಗೆ ಹೊರಿಸಿದ ಆರೋಪಕ್ಕೆ 'ಇಂಡೈಟ್‌ಮೆಂಟ್' ಎಂದು ಹೆಸರು. ಇಂಗ್ಲಿಷಿನಲ್ಲಿ ಅದನ್ನು ಬರೆಯುವಾಗ ನಡುವೆ 'ಸಿ' ಅಕ್ಷರ ಬರುತ್ತದೆ, ಓದುವಾಗ ಅದು ಮಾಯ. ಫ್ರೆಂಚಿನಿಂದ ಬಂದ ಮಾತಿಗೆ ಪಂಡಿತರು ಆಮೇಲೆ ಲ್ಯಾಟಿನ್ ವೇಷ ಹಾಕಿದರು. ಜನರ ನಾಲಿಗೆ ಮಾತ್ರ ಹಳೆಯದನ್ನೇ ಹಿಡಿದುಕೊಂಡಿತು.

ಜ್ಯೂರಿಗೆ ಆಧಾರ ಸಾಲದೆಂದು ಕಂಡರೆ ಕಾಗದದ ಬೆನ್ನಿಗೆ 'ಇಗ್ನೊರೇಮಸ್' ಎಂದು ಬರೆದು ಹಿಂದಿರುಗಿಸುತ್ತಿದ್ದರು. ಲ್ಯಾಟಿನ್ನಿನಲ್ಲಿ ಅದಕ್ಕೆ ನಮಗೆ ತಿಳಿಯದು ಎಂದರ್ಥ. 1615ರಲ್ಲಿ ಕೇಂಬ್ರಿಜಿನಲ್ಲಿ ದೊರೆ ಒಂದನೆಯ ಜೇಮ್ಸನ ಎದುರು ಇದೇ ಹೆಸರಿನ ಒಂದು ಪ್ರಹಸನ ಆಡಿದರು. ಅದರಲ್ಲಿ ಇಗ್ನೊರೇಮಸ್ ಎಂಬುವನು ಅರೆಬರೆ ಓದಿದ ವಕೀಲ. ಅಂದಿನಿಂದ ಆ ಮಾತಿಗೆ ಇಂಗ್ಲಿಷಿನಲ್ಲಿ ದಡ್ಡ ಎಂಬ ಅರ್ಥ ಬಂತು. ಆದರೆ ಆ ದಡ್ಡ ಮಾತಿಗೆ ದೊರೆಯನ್ನೂ ತಡೆಯುವ ಶಕ್ತಿ ಇತ್ತು. 1681ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸರಕಾರ ತನ್ನ ವಿರೋಧಿ ಷಾಫ್ಟ್ಸ್‌ಬರಿ ಪ್ರಭುವಿನ ಮೇಲೆ ರಾಜದ್ರೋಹದ ಆರೋಪ ತಂದಾಗ ಲಂಡನ್ನಿನ ಗ್ರ್ಯಾಂಡ್ ಜ್ಯೂರಿ ಇದೊಂದೇ ಮಾತು ಬರೆದು ಅದನ್ನು ತಿರುಗಿಸಿತು.

ಇಷ್ಟಿದ್ದರೂ ಒಂದು ದೊಡ್ಡ ಕೊರತೆ ಉಳಿದಿತ್ತು. ಆರೋಪದ ಕಾಗದವನ್ನು ಬರೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಕಟಕಟೆಯಲ್ಲಿ ನಿಂತ ಒಕ್ಕಲಿಗನಿಗೋ ಕಮ್ಮಾರನಿಗೋ ತನ್ನ ಮೇಲೆ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಕೋರ್ಟಿನ ಕಾಗದಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ಕಾನೂನು 1730ರಲ್ಲಿ ಆಗಿ, 1733ರಲ್ಲಿ ಜಾರಿಗೆ ಬಂತು. ಅಂದರೆ ತನ್ನ ಮೇಲಿನ ಆರೋಪ ತನ್ನ ಮಾತಿನಲ್ಲಿ ಬರೆದಿರಬೇಕು ಎಂಬ ಸರಳ ವಿಷಯಕ್ಕೆ ಇಂಗ್ಲಿಷರೇ ಐನೂರೈವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

ನಂದಕುಮಾರನಿಂದ ಹೇಸ್ಟಿಂಗ್ಸನವರೆಗೆ

ಈ ಪದ್ಧತಿ ಹಡಗು ಹತ್ತಿ ಭಾರತಕ್ಕೂ ಬಂತು. 1726ರ ರಾಜಶಾಸನದ ಪ್ರಕಾರ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಗ್ರ್ಯಾಂಡ್ ಜ್ಯೂರಿಗಳು ಸೇರತೊಡಗಿದವು. 1774ರಲ್ಲಿ ಕಲ್ಕತ್ತೆಯಲ್ಲಿ ಸುಪ್ರೀಂ ಕೋರ್ಟು ಸ್ಥಾಪನೆಯಾಯಿತು. ಮರುವರ್ಷವೇ ಅದರ ಮುಂದೆ ಬಂದದ್ದು ಮಹಾರಾಜ ನಂದಕುಮಾರನ ಮೊಕದ್ದಮೆ.

1775ರ ಮಾರ್ಚಿಯಲ್ಲಿ ನಂದಕುಮಾರನು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಲಂಚ ತೆಗೆದುಕೊಂಡನೆಂದು ಕೌನ್ಸಿಲಿನ ಮುಂದೆ ದೂರಿದ. ಮೇ ತಿಂಗಳಲ್ಲಿ ನಂದಕುಮಾರನೇ ಸೆರೆಯಾದ. ವರ್ಷಗಳ ಹಿಂದಿನ ಒಂದು ಸಾಲಪತ್ರವನ್ನು ಅವನು ಖೋಟಾ ಮಾಡಿದನೆಂಬುದು ಆರೋಪ. ಗ್ರ್ಯಾಂಡ್ ಜ್ಯೂರಿ ಆರೋಪವನ್ನು ಎತ್ತಿ ಹಿಡಿಯಿತು. ಜೂನ್ 8ರಂದು ಆರಂಭವಾದ ವಿಚಾರಣೆ 16ರ ಬೆಳಗಿಗೆ ಮುಗಿದು, ಆಗಸ್ಟ್ 5ರಂದು ಅವನನ್ನು ಗಲ್ಲಿಗೇರಿಸಿದರು. ಖೋಟಾ ದಸ್ತಾವೇಜಿಗೆ ಮರಣದಂಡನೆ ಎಂಬುದು ಇಂಗ್ಲೆಂಡಿನ 1729ರ ಕಾನೂನು. ಅದು ಬಂಗಾಳಕ್ಕೆ ಅನ್ವಯಿಸುತ್ತಿತ್ತೇ ಎಂಬುದು ಅಂದಿನಿಂದಲೂ ವಿವಾದದ ವಿಷಯ. ಈ ನೆಲದ ಪದ್ಧತಿಯಲ್ಲಿ ಅಂಥ ಶಿಕ್ಷೆ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊರಗಿನ ಕ್ರಮಕ್ಕೆ ಕೊರತೆ ಇರಲಿಲ್ಲ. ಬರೆದ ಆರೋಪ ಇತ್ತು, ದುಭಾಷಿ ಇದ್ದ, ವಕೀಲರಿದ್ದರು, ಜ್ಯೂರಿ ಇತ್ತು. ಆದರೆ ಜ್ಯೂರಿಯ ಹನ್ನೆರಡು ಜನರೂ ಐರೋಪ್ಯರು, ಕಾನೂನು ಪರದೇಶದ್ದು, ದೂರಿದವನೇ ಎರಡು ತಿಂಗಳೊಳಗೆ ಆರೋಪಿಯಾಗಿ ನಿಂತಿದ್ದ. ಕಾಗದ ಸರಿಯಾಗಿದ್ದ ಮಾತ್ರಕ್ಕೆ ನ್ಯಾಯ ಸರಿಯಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾಲಚಕ್ರ ಉರುಳಿತು. ಇಂಗ್ಲೆಂಡಿನ ಪಾರ್ಲಿಮೆಂಟು ಹೇಸ್ಟಿಂಗ್ಸನ ಮೇಲೆಯೇ ಮಹಾಭಿಯೋಗ ಹೂಡಿತು. 1788ರ ಫೆಬ್ರುವರಿ 13ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ ಆರಂಭ. ಆರೋಪಗಳನ್ನೂ ಅವನ ಉತ್ತರಗಳನ್ನೂ ಓದಿ ಮುಗಿಸುವುದಕ್ಕೇ ಎರಡು ದಿನ ಹಿಡಿಯಿತು. ಏಳು ವರ್ಷ ಎಳೆದು, 1795ರ ಏಪ್ರಿಲ್ 23ರಂದು ಅವನು ದೋಷಮುಕ್ತನೆಂದು ತೀರ್ಪಾಯಿತು. ಅಷ್ಟರಲ್ಲಿ ಅವನ ಗಂಟು ಕರಗಿಹೋಗಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಗೆ ಈ ಇಬ್ಬರೇ ಸಾಕು.

ಭಾರತೀಯರನ್ನು ಜ್ಯೂರಿಯಲ್ಲಿ ಕೂರಿಸುವ ಕಾನೂನು ಬಂದದ್ದು 1826ರಲ್ಲಿ. ಅದರಲ್ಲೂ ಹಿಂದೂ ಮುಸಲ್ಮಾನರು ಕ್ರೈಸ್ತರ ವಿಚಾರಣೆಯಲ್ಲಿ ಕೂರುವಂತಿರಲಿಲ್ಲ, ಗ್ರ್ಯಾಂಡ್ ಜ್ಯೂರಿಗೂ ಸೇರುವಂತಿರಲಿಲ್ಲ. ರಾಜಾ ರಾಮಮೋಹನ ರಾಯರು ಇದನ್ನು ಪ್ರತಿಭಟಿಸಿದರು. 1832ರಲ್ಲಿ ಆ ಭೇದ ಹೋಯಿತು. 1865ರಲ್ಲಿ ಇಲ್ಲಿ ಗ್ರ್ಯಾಂಡ್ ಜ್ಯೂರಿಯೇ ಹೋಯಿತು. ಇಂಗ್ಲೆಂಡಿನಲ್ಲಿ ಅದು 1933ರವರೆಗೆ ನಡೆಯಿತು. ಅಮೆರಿಕದಲ್ಲಿ 1791ರ ಸಂವಿಧಾನ ತಿದ್ದುಪಡಿಯ ಬಲದಿಂದ ಇಂದಿಗೂ ಇದೆ.

ಹೈದರ್ ಬಕ್ಷ್, ಖೋದಾ ಬಕ್ಷ್

ಭಾರತದಲ್ಲಿ ಗ್ರ್ಯಾಂಡ್ ಜ್ಯೂರಿಯ ಬದಲು ಬಂದದ್ದು ನ್ಯಾಯಾಧೀಶರೇ ಬರೆದು ಹೊರಿಸುವ ಚಾರ್ಜ್. 1861ರ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ರೂಪ ಕೊಟ್ಟಿತು. ಆಮೇಲೆ 1872, 1882, 1898, 1973ರ ಸಂಹಿತೆಗಳು ಒಂದರ ಹಿಂದೊಂದು ಬಂದವು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹೆಸರು ಬದಲಾದರೂ ಚಾರ್ಜಿನ ಲಕ್ಷಣ ಬದಲಾಗಿಲ್ಲ. ಯಾವ ಅಪರಾಧ, ಯಾವ ಕಲಮು, ಯಾವಾಗ, ಎಲ್ಲಿ, ಯಾರ ವಿರುದ್ಧ ಅಥವಾ ಯಾವ ವಸ್ತುವಿನ ವಿಷಯದಲ್ಲಿ ಎಂಬುದು ಅದರಲ್ಲಿರಬೇಕು. ಬೇರೆ ಬೇರೆ ಅಪರಾಧಕ್ಕೆ ಸಾಮಾನ್ಯವಾಗಿ ಬೇರೆ ಬೇರೆ ಚಾರ್ಜ್ ಇರಬೇಕು. ಅದನ್ನು ಕೋರ್ಟಿನ ಭಾಷೆಯಲ್ಲಿ ಬರೆಯಬೇಕು. ಬರೆದರೆ ಸಾಲದು, ಆರೋಪಿಗೆ ಓದಿ ವಿವರಿಸಿ, ತಪ್ಪೊಪ್ಪಿಕೊಳ್ಳುತ್ತೀಯೋ ಅಥವಾ ವಿಚಾರಣೆ ಬಯಸುತ್ತೀಯೋ ಎಂದು ಕೇಳಬೇಕು.

ಚಾರ್ಜಿನಲ್ಲಿ ತಪ್ಪು ನುಸುಳಿದರೆ? 1898ರ ಸಂಹಿತೆ ಇದಕ್ಕೆ ಒಂದು ಸೊಗಸಾದ ಉದಾಹರಣೆ ಕೊಡುತ್ತಿತ್ತು. ಒಬ್ಬನ ಮೇಲೆ ಇರುವುದು ಒಂದೇ ಕೊಲೆಯ ಆರೋಪ. ಸತ್ತವನು ಹೈದರ್ ಬಕ್ಷ್, ಆದರೆ ಚಾರ್ಜಿನಲ್ಲಿ ಖೋದಾ ಬಕ್ಷ್ ಎಂದು ಬರೆದು, ದಿನಾಂಕವನ್ನೂ ಒಂದು ದಿನ ಆಚೀಚೆ ಮಾಡಿದ್ದಾರೆ. ಕೆಳಗಿನ ವಿಚಾರಣೆಯನ್ನು ಪೂರ್ತಿ ಕೇಳಿದ್ದ ಆರೋಪಿಗೆ ಇದು ಯಾವ ಕೊಲೆ ಎಂದು ಗೊತ್ತು. ಅಂಥ ತಪ್ಪಿನಿಂದ ಅವನಿಗೆ ನಷ್ಟವಿಲ್ಲ. ಇನ್ನೊಬ್ಬನ ಮೇಲೆ ಇಬ್ಬರನ್ನೂ ಕೊಂದ ದೂರಿದೆ. ಚಾರ್ಜ್ ಬರೆದದ್ದು ಹೈದರ್ ಬಕ್ಷನ ಕೊಲೆಗೆ, ವಿಚಾರಣೆ ನಡೆದದ್ದು ಖೋದಾ ಬಕ್ಷನ ಕೊಲೆಗೆ. ಪಾಪ, ಅವನು ಕರೆತಂದ ಸಾಕ್ಷಿಗಳೆಲ್ಲ ಮೊದಲನೆಯ ಕೊಲೆಯ ವಿಷಯ ಬಲ್ಲವರು. ಈ ತಪ್ಪು ಕ್ಷಮ್ಯವಲ್ಲ. ಆರೋಪಿ ದಾರಿ ತಪ್ಪಿದನೇ ಎಂಬುದೇ ಒರೆಗಲ್ಲು. ಆರೋಪ ಇರುವುದು ಉತ್ತರ ಕೊಡಲು ಬರುವಂತೆ. ಇಡೀ ಅಧ್ಯಾಯದ ಸಾರ ಇಷ್ಟೇ.

ಮರಾಠಿ ಲೇಖನ, ಮರಾಠಿ ಬಾರದ ಜ್ಯೂರಿ

ಉತ್ತರ ಕೊಟ್ಟರೂ ಕೇಳುವವರಿಗೆ ಅರ್ಥವಾಗದಿದ್ದರೆ? ಮುಂಬಯಿ ಹೈಕೋರ್ಟಿನಲ್ಲಿ 1908ರ ಜುಲೈ 13ರಿಂದ 22ರವರೆಗೆ ನಡೆದ ಲೋಕಮಾನ್ಯ ತಿಲಕರ ವಿಚಾರಣೆ ಇದಕ್ಕೆ ಸಾಕ್ಷಿ. 'ಕೇಸರಿ'ಯಲ್ಲಿ ಬಂದ ಮರಾಠಿ ಲೇಖನಗಳಿಗಾಗಿ ರಾಜದ್ರೋಹದ ಆರೋಪ. ಜ್ಯೂರಿಯಲ್ಲಿ ಏಳು ಜನ ಐರೋಪ್ಯರು, ಇಬ್ಬರು ಪಾರ್ಸಿಗಳು. ಲೇಖನಗಳನ್ನು ಅವರು ಓದಿದ್ದು ಇಂಗ್ಲಿಷ್ ಭಾಷಾಂತರದಲ್ಲಿ. ವಕೀಲರನ್ನು ಬಿಟ್ಟು ತಾವೇ ಸುಮಾರು 21 ಗಂಟೆಗಳ ಕಾಲ ವಾದಿಸಿದ ತಿಲಕರು, ಭಾಷಾಂತರದಲ್ಲಿ ತಮ್ಮ ಮಾತುಗಳ ಬಣ್ಣವೇ ಬದಲಾಗಿದೆ ಎಂದು ಒಂದೊಂದು ಪದ ಹಿಡಿದು ತೋರಿಸಿದರು. ಏಳಕ್ಕೆ ಎರಡು ಮತದಿಂದ ಜ್ಯೂರಿ ಅವರನ್ನು ಅಪರಾಧಿಯೆಂದಿತು. ಆರು ವರ್ಷ ಮಂಡಾಲೆಯ ಸೆರೆಮನೆ.

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅದೇ 124-ಎ ಕಲಮಿನ ಚಾರ್ಜನ್ನು ಗಾಂಧೀಜಿಗೆ ಓದಿ ಹೇಳಿದರು. ಅವರು ಒಡನೆಯೇ ಒಪ್ಪಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ತಿಲಕರ ಶಿಕ್ಷೆಯನ್ನೇ ಮೇಲ್ಪಂಕ್ತಿಯಾಗಿ ಹಿಡಿದು ಆರು ವರ್ಷ ವಿಧಿಸಿದರು. ಒಬ್ಬರು ಆರೋಪದ ಒಂದೊಂದು ಅಕ್ಷರವನ್ನೂ ಎದುರಿಸಿದರು, ಇನ್ನೊಬ್ಬರು ಆ ಹೊರೆಯನ್ನು ತಾವಾಗಿಯೇ ಹೆಗಲಿಗೆ ಏರಿಸಿಕೊಂಡರು. ಎರಡಕ್ಕೂ ಮೊದಲು ಬೇಕಾದದ್ದು ಹೊರೆ ಏನೆಂಬ ಅರಿವು.

ನೌಕರರ ಚಾರ್ಜ್‌ಶೀಟು

ನಮ್ಮಂಥ ಸರ್ಕಾರಿ ನೌಕರರಿಗೆ ಕೋರ್ಟಿಗಿಂತ ಹೆಚ್ಚು ಪರಿಚಿತವಾದದ್ದು ಇಲಾಖೆಯ ಚಾರ್ಜ್‌ಶೀಟು. ಇದಕ್ಕೂ ಹಳೆಯ ವಂಶಾವಳಿ ಇದೆ. 1850ರ ನೌಕರರ ವಿಚಾರಣಾ ಕಾನೂನಿನಲ್ಲೇ ಆರೋಪಗಳ ಪ್ರತಿಯನ್ನೂ, ದಸ್ತಾವೇಜು ಮತ್ತು ಸಾಕ್ಷಿಗಳ ಪಟ್ಟಿಯನ್ನೂ ವಿಚಾರಣೆಗೆ ಕನಿಷ್ಠ ಮೂರು ದಿನ ಮೊದಲು ನೌಕರನ ಕೈಗೆ ಕೊಡಬೇಕೆಂದು ಇತ್ತು. ಸಂವಿಧಾನದ 311ನೆಯ ಅನುಚ್ಛೇದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆರೋಪ ತಿಳಿಸದೆ, ಅಹವಾಲು ಕೇಳದೆ ಯಾವ ನೌಕರನನ್ನೂ ವಜಾ ಮಾಡಬಾರದೆನ್ನುತ್ತದೆ. 1965ರ ಕೇಂದ್ರ ನಿಯಮಗಳ 14ನೆಯ ನಿಯಮದಂತೆ ಬರುವ ಮೆಮೋಗೆ ನಾಲ್ಕು ಅನುಬಂಧಗಳು: ಆರೋಪಗಳು, ಅವುಗಳ ವಿವರ, ದಸ್ತಾವೇಜುಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ವಿಜ್ಞಾನೇಶ್ವರನ ವರ್ಷ, ಮಾಸ, ಪಕ್ಷ, ದಿನಗಳೇ ಟೈಪಾಗಿ ಬಂದಂತೆ. ಗಾಳಿಮಾತಿಗೆ ಬಡ್ತಿ ನಿಲ್ಲಬಾರದು, ಚಾರ್ಜ್‌ಮೆಮೋ ಹೊರಟ ಮೇಲೆಯೇ ಮುಚ್ಚಿದ ಲಕೋಟೆಯ ಕ್ರಮ ಅನ್ವಯಿಸಬೇಕು ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ರಾಷ್ಟ್ರಪತಿಯವರ ಮೇಲೆ ಕೂಡ 61ನೆಯ ಅನುಚ್ಛೇದದ ಪ್ರಕಾರ ಮೊದಲು ಆರೋಪವನ್ನು ಲಿಖಿತವಾಗಿ, 14 ದಿನಗಳ ಸೂಚನೆ ಕೊಟ್ಟೇ ತರಬೇಕು. ಜವಾನನಿಂದ ರಾಷ್ಟ್ರಪತಿಯವರೆಗೆ ನಿಯಮದ ತಿರುಳು ಒಂದೇ.

ಮೂರು ಕಾಗದಗಳು

ಇಷ್ಟು ಇತಿಹಾಸ ತಿಳಿದ ಮೇಲೆ ಪತ್ರಿಕೆಯ ಆ ಸಾಲಿಗೆ ಸರಿಯಾದ ತೂಕ ಕೊಡಬಹುದು. ಗೊಂದಲವಾಗುವುದು ಮೂರು ಕಾಗದಗಳಲ್ಲಿ. ಮೊದಲನೆಯದು ಎಫ್.ಐ.ಆರ್., ಅಂದರೆ ಪ್ರಥಮ ವರ್ತಮಾನ ವರದಿ. ಹೀಗಾಯಿತಂತೆ ಎಂದು ಠಾಣೆಗೆ ಬಂದ ಮೊದಲ ಸುದ್ದಿ ಅದು. ಎರಡನೆಯದು ತನಿಖೆಯ ಕೊನೆಗೆ ಪೊಲೀಸರು ಸಲ್ಲಿಸುವುದು. ನಾವೆಲ್ಲ ಚಾರ್ಜ್‌ಶೀಟ್ ಎನ್ನುವ ಇದನ್ನು ಕಾನೂನು ಕರೆಯುವುದು ಪೊಲೀಸ್ ವರದಿ ಎಂದು ಮಾತ್ರ. ಆರೋಪಿ ಬಂಧನದಲ್ಲಿದ್ದರೆ, ಅಪರಾಧದ ತೀವ್ರತೆಗೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಇದನ್ನು ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಪೊಲೀಸರ ಅವಸರಕ್ಕೆ ಅದೂ ಒಂದು ಕಾರಣ. ಮೂರನೆಯದು ನ್ಯಾಯಾಧೀಶರು ಎರಡು ಕಡೆಯ ಮಾತನ್ನೂ ಕೇಳಿ ತಾವೇ ನಿಗದಿ ಮಾಡುವ ಆರೋಪ. ನಿಜವಾದ ಚಾರ್ಜ್ ಇದು. ಆಧಾರ ಸಾಲದಿದ್ದರೆ ಈ ಹಂತದಲ್ಲೇ ಆರೋಪಿಯನ್ನು ಬಿಟ್ಟುಬಿಡುತ್ತಾರೆ. ಅದು ಹಳೆಯ ಇಗ್ನೊರೇಮಸ್ಸಿನ ಭಾರತೀಯ ರೂಪ. ಸೆಷನ್ಸ್ ಕೋರ್ಟುಗಳಲ್ಲಿ ಆರೋಪದ ಮೇಲಿನ ಮೊದಲ ವಾದದ ದಿನದಿಂದ 60 ದಿನಗಳೊಳಗೆ ಆರೋಪ ನಿಗದಿಯಾಗಬೇಕೆಂದು ಈಗಿನ ಸಂಹಿತೆ ಹೇಳುತ್ತದೆ. ಆರೋಪ ನಿಗದಿಯಾದರೂ ಸಾಕ್ಷ್ಯ, ಪಾಟೀಸವಾಲು, ವಾದ ಎಲ್ಲ ಇನ್ನೂ ಮುಂದೆ. ಅಪರಾಧಿ ಎಂಬ ಪದ ಬರುವುದು ಅವೆಲ್ಲ ಮುಗಿದ ಮೇಲೆ.

ಹೊರನಾಡ ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಮಾತು. ಕೋರ್ಟಿನ ಭಾಷೆ ಇಲ್ಲಿ ಮರಾಠಿ, ಅಲ್ಲಿ ತಮಿಳು, ಮತ್ತೊಂದೆಡೆ ತೆಲುಗು ಅಥವಾ ಹಿಂದಿ. ಆದರೆ ಆರೋಪವನ್ನು ಓದಿ ವಿವರಿಸುವುದು ಬರಿಯ ಶಾಸ್ತ್ರಕ್ಕಲ್ಲ. ತನಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ತನಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವ ಹಕ್ಕೂ ಆರೋಪಿಗಿದೆ. ನಮ್ಮವರು ಯಾರಾದರೂ ಅಂಥ ಇಕ್ಕಟ್ಟಿನಲ್ಲಿ ಸಿಕ್ಕಾಗ, ಅರ್ಥವಾಗದ ಕಾಗದಕ್ಕೆ ನಾಚಿಕೆಯಿಂದ ತಲೆಯಾಡಿಸಿ ಸಹಿ ಹಾಕಬೇಡಿ, ತಿಳಿಯಲಿಲ್ಲ ಎಂದು ಧೈರ್ಯವಾಗಿ ಹೇಳಿ ಎಂದು ಪಕ್ಕದಲ್ಲಿ ನಿಂತು ಹೇಳುವವರೊಬ್ಬರು ಬೇಕು. ಸಂಘ, ಸಮಾಜ ಎಂಬುವು ನಾಡಹಬ್ಬಕ್ಕೆ ಮಾತ್ರ ಇರುವಂಥವಲ್ಲ.

ಇನ್ನು ಮಾತಿನ ಬಳಕೆ. ಆರೋಪಿ, ಆಪಾದಿತ, ಅಪರಾಧಿ ಎಂಬ ಪದಗಳನ್ನು ನಾವು ಒಂದರ ಬದಲು ಇನ್ನೊಂದು ಎಂಬಂತೆ ಆಡುತ್ತೇವೆ. ಮೊದಲೆರಡು ಹೊರೆ ಹೊತ್ತವನ ಹೆಸರುಗಳು. ಮೂರನೆಯದು ತೀರ್ಪಿನ ನಂತರದ್ದು. ಮನೆಯಲ್ಲಿ ಮಕ್ಕಳು ಪತ್ರಿಕೆ ಓದುವಾಗ ಈ ಅಂತರವನ್ನು ಒಮ್ಮೆ ತಿಳಿಸಿ ಹೇಳಿದರೆ ಒಳ್ಳೆಯದು. ಕನ್ನಡವೂ ಶುದ್ಧವಾಗುತ್ತದೆ, ನೆರೆಯವರೊಬ್ಬರ ಮಾನವೂ ತೀರ್ಪಿನ ದಿನದವರೆಗೆ ಉಳಿಯುತ್ತದೆ.